ರಜೆ ಪಿಯುವರೆಗೆ ಮಾತ್ರ

ಅಕ್ಕನ ಮಗಳಿಗೆ ಬಿ.ಕಾಂ ಮೊದಲ ಸೆಮಿಸ್ಟರ್‌ನಲ್ಲಿ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರಿನ ಸರಾಸರಿ, ಹತ್ತಕ್ಕೆ 5.6 ಬಂದಿತ್ತು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, "ಮೊದಲ ಸೆಮಿಸ್ಟರ್ ತಾನೇ, ಮುಂದೆ ಸರಿಹೋಗುತ್ತೆ ಬಿಡು." ನಾನೊಬ್ಬಳು ಸುಮ್ಮನಿದ್ದೆ. ಅಕ್ಕನಿಗೆ ಅದೇ ಸಿಟ್ಟು. ಅವತ್ತು ಹೇಳದೇ ಇದ್ದದ್ದನ್ನು ಇಲ್ಲಿ ಹೇಳುತ್ತಿದ್ದೇನೆ, ಅಕ್ಕ ಓದಲಿ.

ಈ "ಮುಂದೆ ಸರಿಹೋಗುತ್ತೆ"ಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಆರು ಸೆಮಿಸ್ಟರಿಗೂ ಒಂದೇ ಕ್ರೆಡಿಟ್, ಅಂದರೆ ಸರಾಸರಿಯಲ್ಲಿ ಒಂದೇ ತೂಕ, ಅಂತ ಇಟ್ಟುಕೊಳ್ಳೋಣ. ಮೊದಲನೆಯದರಲ್ಲಿ 5.6, ಉಳಿದ ಐದರಲ್ಲೂ 8 ತೆಗೆದರೆ ಕೊನೆಗೆ ಸಿಗುವುದು 7.6. ಒಟ್ಟು 8 ಆಗಬೇಕಾದರೆ ಐದರಲ್ಲೂ ಹತ್ತಿರ ಹತ್ತಿರ 8.5 ಬೇಕು. ಮೊದಲ ಸೆಮಿಸ್ಟರಿನಲ್ಲಿ ಬಿಟ್ಟದ್ದನ್ನು ಮೂರು ವರ್ಷ ತೀರಿಸುತ್ತಾ ಇರಬೇಕು. ಇನ್ನೊಂದು, ಭಾಷೆ ಪೇಪರ್ ತಾನೇ ಅಂತ ಕನ್ನಡ, ಇಂಗ್ಲಿಷನ್ನು ಹಿಂದಿನ ರಾತ್ರಿಗೆ ಇಟ್ಟುಕೊಳ್ಳುತ್ತಾರಲ್ಲ, ಅದಕ್ಕೂ ಕ್ರೆಡಿಟ್ ಇದೆ ಮಹಾರಾಯರೇ.

ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಆಗ ಇಲ್ಲಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು, ಚಿಕ್ಕ ಅಳುವಾರದಲ್ಲಿ ನಮ್ಮದೇ ಕೊಡಗು ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. ಮಾದಾಪುರ ಕಡೆಯಿಂದ ಮಡಿಕೇರಿಗೆ ದಿನಾ ಬಸ್ಸು. ಜಡಿಮಳೆ, ಸೀಟಿನ ಮೇಲೂ ನೀರು, ಚೂಡಿದಾರದ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಸಾಯಂಕಾಲ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ಸುದ್ದಿ ಬಂದರೆ ಮನೆಯಲ್ಲಿ ಹಬ್ಬ. ಬಹಳ ಸಲ ಆ ರಜೆ ಅಂಗನವಾಡಿಯಿಂದ ಪಿಯುವರೆಗೆ ಮಾತ್ರ, ಡಿಗ್ರಿಗೆ ಇಲ್ಲ. ತಂಗಿ ಕಂಬಳಿ ಹೊದ್ದು ಮಲಗಿರುವಾಗ ನಾನೊಬ್ಬಳು ಯಾಕೆ ಹೋಗಲಿ ಅಂತ ನಾನೂ ಮಲಗಿದೆ. ಅಂಥ ಒಂದು ದಿನವೇ ಇಂಟರ್ನಲ್ ಟೆಸ್ಟ್ ಆಗಿ ಹೋಗಿತ್ತು. ಹಾಜರಿ 75 ಪರ್ಸೆಂಟ್ ಮುಟ್ಟದೆ ಅಪ್ಪ ಕಾಲೇಜಿಗೆ ಬಂದು ಕೈಕಟ್ಟಿ ನಿಲ್ಲಬೇಕಾಯಿತು. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಒಂದೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾಫಿ ಒಣಗಿಸಿದವರ ಮನೆಯ ಮಕ್ಕಳಿಗೆ ಇದನ್ನು ವಿವರಿಸುವುದೇ ಬೇಡ. ಹಣ್ಣು ಕೊಯ್ದು ಕಣಕ್ಕೆ ತಂದು ತೆಳ್ಳಗೆ ಹರಡಬೇಕು. ಗಂಟೆಗೊಮ್ಮೆ ಕೆದಕಬೇಕು. ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕು. ಹೀಗೆ ಹೆಚ್ಚುಕಡಿಮೆ ಎರಡು ವಾರ ಆದ ಮೇಲೆ ಒಂದು ಹಿಡಿ ಕೈಯಲ್ಲಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ಕೆದಕದೆ ದಪ್ಪಕ್ಕೆ ಬಿಟ್ಟರೆ ಬೂಷ್ಟು. ಕೊನೇ ದಿನ ಎಷ್ಟು ಬಿಸಿಲು ಕಾದರೂ ಆ ವಾಸನೆ ಹೋಗುವುದಿಲ್ಲ.

ನಾನು ಎರಡನೇ ಸೆಮಿಸ್ಟರಿನಿಂದ ಮಾಡಿದ್ದೂ ಈ ಕೆದಕುವ ಕೆಲಸವೇ. ರಾತ್ರಿ ಪುಸ್ತಕ ಮುಚ್ಚಿ, ಅವತ್ತು ಕ್ಲಾಸಿನಲ್ಲಿ ಆದದ್ದನ್ನು ನೋಡದೆ ಒಂದು ಪುಟ ಬರೆಯುವುದು. ಮರೆತದ್ದು ಎಲ್ಲಿ ಅಂತ ಆಮೇಲೆ ತೆಗೆದು ನೋಡುವುದು. ಇದರ ಹಿಂದೆ ಸಂಶೋಧನೆ ಇದೆ ಅಂತ ಗೊತ್ತಾದದ್ದು ತೀರಾ ಈಚೆಗೆ. 2006ರಲ್ಲಿ ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು ಸಂಶೋಧಕರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದ್ದರು. ಪಾಠವನ್ನು ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಜಾಸ್ತಿ ನೆನಪಿತ್ತು. ಆದರೆ ಒಂದು ವಾರ ಬಿಟ್ಟು ಕೇಳಿದಾಗ, ನೋಡದೆ ಬರೆದವರೇ ಮುಂದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿದಾಗ "ಎಲ್ಲಾ ಬರುತ್ತೆ" ಅನ್ನಿಸುತ್ತದಲ್ಲ, ಆ ಐದು ನಿಮಿಷದ ಮೋಸ ಅದು.

ಹಾಗಂತ ತಪ್ಪನ್ನೆಲ್ಲಾ ಮಕ್ಕಳ ತಲೆ ಮೇಲೆ ಹಾಕುವವಳು ನಾನಲ್ಲ. ಭಾಗಮಂಡಲದ ಆಚೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇಲ್ಲ. ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ತೋಟದ ಕೆಲಸದವರ ಲೈನ್‌ಮನೆಯ ಹುಡುಗಿ ಕಾಫಿ ಕೊಯ್ಲಿನ ಸಮಯದಲ್ಲಿ ಅಮ್ಮನ ಜೊತೆ ಚೀಲ ಹಿಡಿದು ಹೋಗುತ್ತಾಳೆ. ಅಂಥವರಿಗೂ ನೋಟ್ಸನ್ನು ಪಿಡಿಎಫ್ ಮಾಡಿ ಗ್ರೂಪಿಗೆ ಹಾಕಿ ಕೈತೊಳೆದುಕೊಳ್ಳುವ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿದೆ. ಬೋರ್ಡಿನ ಮೇಲೆ ಬರೆಯಿರಿ ಸಾರ್, ನಮ್ಮ ಮಕ್ಕಳು ಬರೆದುಕೊಳ್ಳುತ್ತಾರೆ.

ಅಕ್ಕನ ಮಗಳು ಈಗ ಮೂರನೇ ಸೆಮಿಸ್ಟರ್. ಎರಡನೆಯದರ ರಿಸಲ್ಟ್ ಇನ್ನೂ ಬಂದಿಲ್ಲ, ಹಾಗಾಗಿ ಅವಳನ್ನು ಹೊಗಳುವ ಹಾಗೂ ಇಲ್ಲ. ನಿನ್ನೆ ರಾತ್ರಿ ಹಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ ಫೋನ್ ಮಾಡಿದಳು.

"ಚಿಕ್ಕಮ್ಮ, ನಾಳೆ ರಜೆಯಂತೆ."

"ಯಾರಿಗೆ?"

ಸ್ವಲ್ಪ ಹೊತ್ತು ಮಾತಿಲ್ಲ. ಮೆಸೇಜನ್ನು ಪೂರ್ತಿ ಓದುತ್ತಿದ್ದಳು ಅಂತ ಕಾಣುತ್ತೆ.

"ಪಿಯುವರೆಗೆ."

"ಹಾಗಾದರೆ ಕೊಡೆ ಬಾಗಿಲ ಹತ್ತಿರ ಇಟ್ಟು ಮಲಗು" ಅಂದೆ.