ಘಾನಾ ಎರಡು ಸಲ ಮಾಡಿದ ಕೆಲಸ

ಯಾವುದೋ ಒಂದು ದೇಶ ಕಸ್ಟಮ್ಸ್‌ಗೆ ಕಂಪ್ಯೂಟರ್ ವ್ಯವಸ್ಥೆ ತರುತ್ತದೆ ಎಂದ ಕೂಡಲೇ ಎಲ್ಲರೂ ಕೇಳುವುದು ಎರಡೇ: ಯಾವ ಸಾಫ್ಟ್‌ವೇರ್? ಎಷ್ಟು ದುಡ್ಡು? ಕಸ್ಟಮ್ಸ್‌ನಿಂದ ಸರಕು ಬಿಡಿಸುವ ಕ್ಲಿಯರಿಂಗ್ ಕೆಲಸದಲ್ಲೇ ದಿನ ಕಳೆಯುವ ನನಗೆ ಇವೆರಡೂ ಆಮೇಲಿನ ಮಾತು. ಸಾಫ್ಟ್‌ವೇರ್‌ಗೇನೂ ಬರವಿಲ್ಲ. ಪಶ್ಚಿಮ ಆಫ್ರಿಕಾದ ದೇಶಗಳು ಕೇಳಿದ್ದಕ್ಕೆ ವಿಶ್ವಸಂಸ್ಥೆಯ ವ್ಯಾಪಾರ-ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ 1980ರ ದಶಕದ ಆರಂಭದಲ್ಲೇ 'ಅಸಿಕುಡಾ' ಎಂಬ ಕಸ್ಟಮ್ಸ್ ಸಾಫ್ಟ್‌ವೇರ್ ಮಾಡಿಕೊಟ್ಟಿತು. ಇವತ್ತು ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾದಲ್ಲೂ ಅದೇ ಇದೆ. ಭಾರತದಲ್ಲಿ ನಾವು ನಮ್ಮದೇ ಕಸ್ಟಮ್ಸ್ ವ್ಯವಸ್ಥೆ ಐಸಿಇಎಸ್ ಕಟ್ಟಿಕೊಂಡೆವು.

ಘಾನಾ ಈ ಕೆಲಸವನ್ನು ಎರಡು ಸಲ ಮಾಡಿದೆ. ಮೊದಲ ಸಲ, 2000ರ ದಶಕದ ಆರಂಭದಲ್ಲಿ, ಸಿಂಗಪುರ ಮತ್ತು ಮಾರಿಷಸ್‌ನ ಮಾದರಿ ತಂದು ಮೊದಲು ಅಕ್ರಾ ವಿಮಾನ ನಿಲ್ದಾಣದಲ್ಲಿ ನಡೆಸಿ ನೋಡಿದರು. ಆಮೇಲೆ ತೇಮಾ ಬಂದರಿಗೆ ಹೋದರು. ನಡೆಸುವ ಕಂಪನಿಯಲ್ಲಿ ಕಸ್ಟಮ್ಸ್ ಇಲಾಖೆಗೂ ಪಾಲಿತ್ತು. ಸುಮ್ನೆ ಕೊಟ್ಟ ಪಾಲಲ್ಲ ಅದು. ಕೆಲಸ ಕೆಟ್ಟರೆ ಇಲಾಖೆಗೂ ಬಿಸಿ ತಟ್ಟಬೇಕಲ್ವಾ? ಎರಡನೇ ಸಲ, 2020ರ ಜೂನ್ 1ರಂದು, ಕೊರಿಯಾ ಮೂಲದ ಹೊಸ ವ್ಯವಸ್ಥೆ ದೇಶಕ್ಕೆಲ್ಲ ಬಂತು, ಹಳೆಯದನ್ನು ನಡೆಸುತ್ತಿದ್ದವರನ್ನು ಕಳಿಸಿಬಿಟ್ಟರು. ಮೊದಲ ವಾರಗಳಲ್ಲಿ ತೇಮಾದಲ್ಲಿ ಸರಕು ಬಿಡಿಸಿಕೊಳ್ಳಲು ಆಗದೆ ಏಜೆಂಟರು ಬೀದಿರಂಪ ಮಾಡುವ ಸ್ಥಿತಿ ಬಂತು.

ಸರಿಯಾಗಿ ಒಂದು ವಾರದ ನಂತರ, ಜೂನ್ 8ರಂದು, ಬೆಂಗಳೂರು ಮತ್ತು ಚೆನ್ನೈನಲ್ಲಿ ಫೇಸ್‌ಲೆಸ್ ಅಸೆಸ್‌ಮೆಂಟ್ ಶುರುವಾಯಿತು, ಅಂದರೆ ಬೇರೆ ಊರಿನ ಅಧಿಕಾರಿ ಮುಖ ನೋಡದೆ ಪರದೆಯ ಮೇಲೇ ಸುಂಕ ನಿರ್ಧರಿಸುವ ಪದ್ಧತಿ. ಎರಡೇ ಊರು, ಸರಕಿನಲ್ಲೂ ಸುಂಕ ಪಟ್ಟಿಯ 84 ಮತ್ತು 85ನೇ ಅಧ್ಯಾಯದವು ಮಾತ್ರ, ಅಂದರೆ ಯಂತ್ರ ಮತ್ತು ಎಲೆಕ್ಟ್ರಿಕಲ್ ಸಾಮಾನು. ದೇಶಕ್ಕೆಲ್ಲ ಹಬ್ಬಿದ್ದು ಅಕ್ಟೋಬರ್ ಕೊನೆಗೆ. ಈ ಕ್ರಮ ನನಗೆ ಹಿಡಿಸಿತು. ತೊಂದರೆ ಇರಲಿಲ್ಲ ಅಂತಲ್ಲ. ಯಂತ್ರದಲ್ಲಿ ಸೋರದಂತೆ ಹಾಕುವ ಒಂದು ಸೀಲ್ ಬಂತು ಅನ್ನಿ. ವಲ್ಕನೈಸ್ ಮಾಡಿದ (ಗಂಧಕ ಸೇರಿಸಿ ಕಾಯಿಸಿದ) ಮೆದು ರಬ್ಬರ್ ಆದರೆ ಸುಂಕದ ಕೋಡ್ 4016, ಇಲ್ಲದಿದ್ದರೆ ಬೇರೆ ಕೋಡ್. ಮೊದಲಾದರೆ ಸುಂಕ ನಿರ್ಧರಿಸುವ ಅಧಿಕಾರಿ, ಅಪ್ರೈಸರ್, ಅವರ ಟೇಬಲ್ ಮೇಲಿಟ್ಟು, 'ಸರ್, ನೀವೇ ಒತ್ತಿ ನೋಡಿ' ಎನ್ನಬಹುದಿತ್ತು. ಈಗ ಅಧಿಕಾರಿ ಬೇರೆ ಊರಿನಲ್ಲಿ. ಕ್ವೆರಿ ಬರುತ್ತದೆ, ಕ್ಯಾಟಲಾಗ್ ಹುಡುಕಿ ದಾಖಲೆ ಹಾಕುವ ಆನ್‌ಲೈನ್ ವ್ಯವಸ್ಥೆ ಇ-ಸಂಚಿತ್‌ಗೆ ಏರಿಸಬೇಕು, ಕಾಯಬೇಕು. ಆದರೂ ಎರಡು ಊರಲ್ಲಿ ಕಾಣಿಸಿಕೊಂಡ ತೊಂದರೆ ಎರಡು ಊರಿನದ್ದೇ. ತೇಮಾಗೆ ಆ ಅನುಕೂಲ ಇರಲಿಲ್ಲ.

ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಇನ್ನೊಂದಿದೆ. ದಾಖಲೆ ಹಾಕಿದ ಮೇಲೆ ಅಸಿಕುಡಾ ಸರಕಿಗೊಂದು ಬಣ್ಣ ಕೊಡುತ್ತದೆ. ಹಸಿರು ಅಂದರೆ ಬಿಡು. ಹಳದಿ, ಕಾಗದ ನೋಡು. ಕೆಂಪು, ಪೆಟ್ಟಿಗೆ ಬಿಚ್ಚು. ನೀಲಿ, ಈಗ ಬಿಟ್ಟು ಲೆಕ್ಕ ಆಮೇಲೆ ನೋಡು. ಯಾವುದಕ್ಕೆ ಯಾವ ಬಣ್ಣ ಅನ್ನುವುದನ್ನು ಅದಕ್ಕೆ ಹೇಳಿಕೊಡುವವರು ಆಯಾ ದೇಶದ ಅಧಿಕಾರಿಗಳೇ. ಅವರು ಎಲ್ಲಕ್ಕೂ ಕೆಂಪು ಹಚ್ಚಿ ಕೂತರೆ ಕೋಟಿಗಟ್ಟಲೆ ಸುರಿದ ವ್ಯವಸ್ಥೆ ದುಬಾರಿ ಟೈಪ್‌ರೈಟರ್ ಆಗುತ್ತದೆ. ಇದಕ್ಕೆಲ್ಲ ಲಂಚವೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಿಟ್ಟ ಸರಕಿನಲ್ಲಿ ಮೋಸ ಸಿಕ್ಕರೆ ವಿಚಾರಣೆ ಅಧಿಕಾರಿಗೆ. ತಡೆದಿಟ್ಟ ಸರಕಿಗೆ ಡೆಮರೇಜ್ (ತಡವಾದದ್ದಕ್ಕೆ ಬೀಳುವ ಶುಲ್ಕ) ಬಿದ್ದರೆ ಕಟ್ಟುವವನು ಇಂಪೋರ್ಟರ್. ಆ ಅಧಿಕಾರಿಯ ಜಾಗದಲ್ಲಿ ನಾನಿದ್ದರೂ ಕೆಂಪೇ ಒತ್ತುತ್ತಿದ್ದೆ. ನಿಯಮದ ಪ್ರಕಾರ ಹಸಿರು ಕೊಟ್ಟವನಿಗೆ ತೊಂದರೆ ಇಲ್ಲ ಎಂದು ಸರ್ಕಾರ ಬರೆದುಕೊಡಬೇಕು. ಸರ್ವರ್ ಖರೀದಿಗೆ ಟೆಂಡರ್ ಕರೆಯುವ ಮೊದಲೇ ಆಗಬೇಕಾದ ಕೆಲಸ ಇದು.

ಕಾನೂನಿನದೂ ಇದೇ ಕಥೆ. ಪರದೆಯ ಮೇಲಿನ ದಾಖಲೆಯೇ ಅಸಲು ಎಂದು ಕಾಯ್ದೆ ಒಪ್ಪದಿದ್ದರೆ, ಆನ್‌ಲೈನ್‌ನಲ್ಲಿ ಹಾಕಿದ್ದನ್ನೇ ಪ್ರಿಂಟ್ ತೆಗೆದು, ಸೀಲ್ ಹೊಡೆಸಿ, ಮತ್ತೆ ಕೌಂಟರ್‌ಗೆ ಕೊಡಬೇಕಾಗುತ್ತದೆ. ಹಾಗಾದಾಗ ಏಜೆಂಟನಿಗೂ ಗುಮಾಸ್ತನಿಗೂ ಕೆಲಸ ಎರಡಾಯಿತು. ಪ್ರಯೋಗ ಮುಗಿದ ದಿನವೇ ಹಳೇ ರಿಜಿಸ್ಟರ್ ಮುಚ್ಚುವ ಆದೇಶವೂ ಹೊರಡಬೇಕು, ಅದೂ ತಾರೀಖು ಹಾಕಿ.