ಕೇಳದೆ ಬರೆದ ಉತ್ತರ

ಇತ್ತೀಚೆಗೆ ಮ್ಯೂನಿಕ್‌ನ ನಮ್ಮ ಕಚೇರಿಯಿಂದ ಬೆಂಗಳೂರಿನ ಅಭ್ಯರ್ಥಿಯೊಬ್ಬರ ಕೋಡಿಂಗ್ ಸಂದರ್ಶನ ನಡೆಸುತ್ತಿದ್ದಾಗ, ನನ್ನ ಜೊತೆ ಕುಳಿತಿದ್ದ ಜರ್ಮನ್ ಸಹೋದ್ಯೋಗಿ ನಡುವೆ ಒಂದು ಮಾತು ಕೇಳಿದರು: "ಹಾಗೆ ಮಾಡಬೇಕೆಂದು ನಿಮಗೆ ಯಾರು ಹೇಳಿದರು?" ಅದರಲ್ಲಿ ವ್ಯಂಗ್ಯವಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಅವರು ಕೇಳಿದ್ದರು. ಆದರೂ ಚುರುಕ್ಕೆಂದದ್ದು ನನಗೆ, ಏಕೆಂದರೆ ಯಾರು ಹೇಳಿದ್ದರೆಂಬುದು ಆ ಕೋಣೆಯಲ್ಲಿ ನನಗೆ ಮಾತ್ರ ಗೊತ್ತಿತ್ತು.

ಅಭ್ಯರ್ಥಿಗೆ ಕೊಟ್ಟಿದ್ದ ಲೆಕ್ಕ ಹೊಸದೇನಲ್ಲ. ಒಂದು ಸಂಖ್ಯೆಯ ಅಂಕಿಗಳನ್ನೇ ಸ್ಥಾನ ಬದಲಿಸಿ, ಅದಕ್ಕಿಂತ ದೊಡ್ಡದಾದವುಗಳಲ್ಲಿ ಅತಿ ಚಿಕ್ಕದನ್ನು ಕಂಡುಹಿಡಿಯಬೇಕು. 13542 ಕೊಟ್ಟರೆ 14235 ಬರಬೇಕು. ಬಲತುದಿಯಿಂದ ನೋಡುತ್ತ ಬಂದು, ತನ್ನ ಬಲಪಕ್ಕದ ಅಂಕಿಗಿಂತ ಚಿಕ್ಕದಾಗಿರುವ ಮೊದಲ ಅಂಕಿಯನ್ನು, ಅಂದರೆ ಇಲ್ಲಿ 3ನ್ನು ಹಿಡಿದು, ಅದರ ಬಲಕ್ಕೆ ಅದಕ್ಕಿಂತ ದೊಡ್ಡದಾದವುಗಳಲ್ಲಿ ಚಿಕ್ಕದಾದ 4ರೊಡನೆ ಅದಲುಬದಲು ಮಾಡಿ, ಉಳಿದ ಬಾಲವನ್ನು ತಿರುಗಿಸಿ ಬರೆದರೆ ಮುಗಿಯಿತು. ಈ ಕ್ರಮವನ್ನು 14ನೆಯ ಶತಮಾನದಲ್ಲೇ ನಮ್ಮ ಗಣಿತಜ್ಞ ನಾರಾಯಣ ಪಂಡಿತ ಹೇಳಿದ್ದನೆಂದು ಸಹೋದ್ಯೋಗಿಗೆ ತಿಳಿಸಿ ಸ್ವಲ್ಪ ಬೀಗಬೇಕೆಂದು ನಾನು ಕಾದಿದ್ದೆ. ಆ ಅವಕಾಶ ಬರಲೇ ಇಲ್ಲ. ಅಭ್ಯರ್ಥಿ ಒಂದು ಮಾತನ್ನೂ ಆಡದೆ ನಾಲ್ಕಾರು ನಿಮಿಷಗಳಲ್ಲಿ ತಪ್ಪಿಲ್ಲದ ಕೋಡ್ ಬರೆದರು. 54321ರಂತೆ ಮುಂದಿನ ಸಂಖ್ಯೆಯೇ ಇಲ್ಲದಿದ್ದಾಗ ಏನು ಮಾಡಬೇಕೆಂದು ನಾವು ಬೇಕೆಂದೇ ಹೇಳಿರಲಿಲ್ಲ. ಅವರ ಕೋಡ್ ಮಾತ್ರ ಅದನ್ನು ಸದ್ದಿಲ್ಲದೆ 12345 ಮಾಡಿಬಿಟ್ಟಿತು. ಸಂದರ್ಶನಕ್ಕೆ ತಯಾರಾಗುವವರು ಅಭ್ಯಾಸ ಮಾಡುವ ಲೀಟ್‌ಕೋಡ್ ಎಂಬ ಜಾಲತಾಣದ 31ನೆಯ ಲೆಕ್ಕದಲ್ಲಿ ಹಾಗೆ ಮಾಡಬೇಕೆಂದಿದೆ. ಸಹೋದ್ಯೋಗಿಯ ಪ್ರಶ್ನೆಗೆ ಬಂದ ಉತ್ತರ "ಸ್ಟ್ಯಾಂಡರ್ಡ್ ಅಪ್ರೋಚ್, ಸರ್" ಎಂಬುದು. ಬಾಲವನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಬದಲು ಬರಿದೇ ತಿರುಗಿಸಿದರೆ ಸಾಕಾಗುವುದು ಏಕೆಂದು ಕೇಳಿದಾಗ, ಅದು ಆಗಲೇ ಇಳಿಕೆಯ ಕ್ರಮದಲ್ಲಿರುತ್ತದೆ ಎಂಬ ಒಂದು ವಾಕ್ಯಕ್ಕೆ ಬದಲಾಗಿ, ಮೊದಲಿನ ಹೆಜ್ಜೆಗಳೇ ಇನ್ನೊಮ್ಮೆ ಕೇಳಿಬಂದವು.

ಇಲ್ಲಿ ಜರ್ಮನಿಯಲ್ಲೇ ಓದಿದವರು ಇದೇ ಲೆಕ್ಕವನ್ನು ಎದುರಿಸುವ ರೀತಿ ಬೇರೆ. ಅಂಕಿಗಳು ಮರುಕಳಿಸಬಹುದೇ, ಮುಂದಿನದು ಇಲ್ಲದಿದ್ದರೆ ಏನನ್ನು ಹಿಂತಿರುಗಿಸಬೇಕು, ಕೊಟ್ಟ ಪಟ್ಟಿಯನ್ನೇ ತಿದ್ದಬಹುದೇ ಅಥವಾ ಹೊಸದನ್ನು ಮಾಡಬೇಕೇ ಎಂದು ವಿಚಾರಿಸುತ್ತಲೇ ಅವರು ಹತ್ತು ನಿಮಿಷ ಕಳೆಯುತ್ತಾರೆ. ಕೆಲವೊಮ್ಮೆ ನಮ್ಮ ಲೆಕ್ಕದಲ್ಲೇ ಲೋಪ ಹುಡುಕುತ್ತಾರೆ, ಮತ್ತು ಅದಕ್ಕಾಗಿ ಅವರಿಗೆ ಅಂಕ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ನಮ್ಮ ಹುಡುಗರು ಕೇಳದಿರುವುದಕ್ಕೆ ಲೀಟ್‌ಕೋಡನ್ನು ದೂರುವುದು ಸುಲಭ, ಆದರೆ ಅದಕ್ಕೂ ಮೊದಲೇ ಎಂಜಿನಿಯರಿಂಗ್ ಲ್ಯಾಬ್ ಪರೀಕ್ಷೆ ಆ ಕೆಲಸವನ್ನು ಮುಗಿಸಿರುತ್ತದೆ. ಸೆಮಿಸ್ಟರ್‌ನ ಆರಂಭದಲ್ಲೇ ಕೈಗೆ ಬರುವ ಪ್ರೋಗ್ರಾಮುಗಳ ಪಟ್ಟಿ, ಪರೀಕ್ಷೆಯ ದಿನ ಎತ್ತುವ ಚೀಟಿ, ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರು, ಬಂದು ಹಿಂದೆ ನಿಲ್ಲುವ ಹೊತ್ತಿಗೆ ಔಟ್‌ಪುಟ್ ತೋರಿಸಲೇಬೇಕೆಂಬ ಆತಂಕ, ಪ್ರೋಗ್ರಾಂ ಬದಲಿಸಿಕೊಂಡರೆ ಕಡಿತವಾಗುವ ಅಂಕ, ಇವುಗಳ ನಡುವೆ ಬೆಳೆದವನಿಗೆ ಪ್ರಶ್ನೆಯೆಂದರೆ ಮೊದಲೇ ಗೊತ್ತಿರಬೇಕಾದದ್ದು. ಗೊತ್ತಿಲ್ಲದಿದ್ದರೆ ಅದು ಸಿಲಬಸ್ಸಿನ ಹೊರಗಿನದು. ಪ್ರಶ್ನೆ ಅಪೂರ್ಣವಾಗಿದೆಯೆಂದು ಎಕ್ಸ್‌ಟರ್ನಲ್‌ಗೆ ಹೇಳುವ ಧೈರ್ಯ ನಮ್ಮ ಬ್ಯಾಚಿನಲ್ಲಿ ಯಾರಿಗೂ ಇರಲಿಲ್ಲ. ಹೇಳಿದ್ದರೆ ವೈವಾದ ಮೌಖಿಕ ಪ್ರಶ್ನೆಗಳಲ್ಲಿ ಅದನ್ನು ತೀರಿಸಬೇಕಾಗುತ್ತಿತ್ತು.

ಕೇಳದಿರುವುದರ ಬೆಲೆ ಏನೆಂಬುದಕ್ಕೆ ಬೈನರಿ ಸರ್ಚ್‌ನ, ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಮತ್ತೆ ಮತ್ತೆ ಅರ್ಧ ಮಾಡುತ್ತ ಹುಡುಕುವ ವಿಧಾನದ, ಕಥೆಯೊಂದಿದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಗೆ, ಅಂದರೆ ಸಿದ್ಧ ಕೋಡುಗಳ ಸಂಗ್ರಹಕ್ಕೆ, ಅದನ್ನು ಬರೆದುಕೊಟ್ಟಿದ್ದ ಜೋಶುವಾ ಬ್ಲಾಕ್, ತನ್ನ ಆ ಕೋಡಿನಲ್ಲಿ ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದ ದೋಷವೊಂದು ಉಳಿದಿತ್ತೆಂದು 2006ರಲ್ಲಿ ತಾನೇ ಬರೆದುಕೊಂಡರು. ನಡುವಿನ ಸ್ಥಾನಕ್ಕಾಗಿ ಎರಡು ತುದಿಗಳನ್ನು ಕೂಡಿಸಿ ಅರ್ಧ ಮಾಡುವಾಗ, ಪಟ್ಟಿಯಲ್ಲಿ ಸುಮಾರು 107 ಕೋಟಿ ಅಂಶಗಳಿದ್ದರೆ ಆ ಮೊತ್ತ ಜಾವಾದ ಪೂರ್ಣಾಂಕಕ್ಕಿರುವ 32 ಬಿಟ್‌ಗಳ ಮಿತಿಯನ್ನು ಮೀರಿ ಋಣಸಂಖ್ಯೆಯಾಗಿಬಿಡಬಹುದು. ಪಟ್ಟಿ ಎಷ್ಟು ದೊಡ್ಡದಿರಬಹುದು ಎಂಬ ಒಂದು ಪ್ರಶ್ನೆಗೆ ಇಷ್ಟು ತೂಕವಿದೆ. ತುದಿಗಳ ವ್ಯತ್ಯಾಸದ ಅರ್ಧವನ್ನು ಮೊದಲ ತುದಿಗೆ ಸೇರಿಸುವ ಪರಿಹಾರ ಬೆಂಗಳೂರಿನ ಪಿ.ಜಿ.ಗಳಲ್ಲಿ ಕುಳಿತು ತಯಾರಿ ನಡೆಸುವವರಿಗೆಲ್ಲ ಬಾಯಿಪಾಠವಾಗಿದೆ. ಪೂರ್ಣಾಂಕಗಳಿಗೆ ಅಂಥ ಮಿತಿಯೇ ಇಲ್ಲದ ಪೈಥಾನ್ ಭಾಷೆಯಲ್ಲಿಯೂ ಅವರು ಹಾಗೆಯೇ ಬರೆಯುತ್ತಾರೆ. ಪಟ್ಟಿ ಎಷ್ಟು ದೊಡ್ಡದೆಂದು ಕೇಳಿದವರನ್ನು ಮಾತ್ರ ನಾನು ಕಂಡದ್ದು ಅಪರೂಪ.

ಜರ್ಮನರು ಹುಟ್ಟಿನಿಂದ ಪ್ರಶ್ನಿಸುವವರೇನೂ ಅಲ್ಲ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಮೌಖಿಕ ಪರೀಕ್ಷೆ ಸಾಮಾನ್ಯ. ಪ್ರಾಧ್ಯಾಪಕರ ಎದುರು ಕುಳಿತು ಅರ್ಧ ಗಂಟೆ ಚರ್ಚಿಸಿ ಅಭ್ಯಾಸವಾಗಿರುತ್ತದೆ. ಮೇಲಾಗಿ ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳವರೆಗೆ ಪ್ರೊಬೇಷನ್ ಅವಧಿ ಇಡಬಹುದು, ಆ ಅವಧಿಯಲ್ಲಿ ಎರಡು ವಾರಗಳ ನೋಟಿಸ್ ಸಾಕು. ಆದ್ದರಿಂದ ಎಲ್ಲವೂ ಆ ಒಂದು ಗಂಟೆಯ ಸಂದರ್ಶನದಲ್ಲೇ ತೀರ್ಮಾನವಾಗಬೇಕಿಲ್ಲ. ನಮ್ಮಲ್ಲಿ ಮೊದಲು ಎದುರಾಗುವುದು ಆನ್‌ಲೈನ್ ಪರೀಕ್ಷೆ, ಕೋಡ್ ಸರಿಯೇ ಎಂದು ಯಂತ್ರವೇ ನೋಡಲು ಅಡಗಿಸಿಟ್ಟ ಉದಾಹರಣೆಗಳು ಅಂದರೆ ಟೆಸ್ಟ್ ಕೇಸುಗಳು, ಓಡುತ್ತಿರುವ ಗಡಿಯಾರ. ಯಂತ್ರದೊಡನೆ ಚರ್ಚಿಸುವಂತಿಲ್ಲ. ಆ ಸುತ್ತನ್ನು ಮೌನವಾಗಿ ದಾಟಿ ಬಂದವನು ಮುಂದಿನ ಸುತ್ತಿನಲ್ಲಿ ಮನುಷ್ಯರ ಎದುರೂ ಮೌನವಾಗಿಯೇ ಇರುತ್ತಾನೆ.

ಇಷ್ಟು ಹೇಳಿದ ಮೇಲೆ, ಹೇಳಲು ನನಗೆ ಅಷ್ಟು ಇಷ್ಟವಿಲ್ಲದ ಇನ್ನೊಂದು ಮಾತೂ ಇದೆ. ನಾನು ಮೆಚ್ಚುವ ಈ ಚರ್ಚೆ, ಮಾತು ಬಲ್ಲವರಿಗೆ ಅನುಕೂಲವಾದದ್ದು. ಗದಗ ಅಥವಾ ಹಾಸನದ ಕಾಲೇಜಿನಲ್ಲಿ ಓದಿದ, ಪಿ.ಯು.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿದ್ದ ಹುಡುಗಿಗೆ ಶಿಫಾರಸು ಮಾಡುವ ನೆಂಟರು ಕಂಪನಿಗಳಲ್ಲಿರುವುದಿಲ್ಲ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಯೋಚಿಸುವ ಅಭ್ಯಾಸವೂ ಇರುವುದಿಲ್ಲ. ಟೆಸ್ಟ್ ಕೇಸು ಅವಳ ಊರನ್ನಾಗಲಿ ಉಚ್ಚಾರಣೆಯನ್ನಾಗಲಿ ವಿಚಾರಿಸುವುದಿಲ್ಲ, ಮತ್ತು ಲೀಟ್‌ಕೋಡಿನ ಲೆಕ್ಕಗಳಲ್ಲಿ ಬಹುಪಾಲು ಹಣ ಕೊಡದೆಯೂ ಸಿಗುತ್ತವೆ. ಉರು ಹೊಡೆದಾದರೂ ಅವಳು ಒಳಗೆ ಬರುವ ಬಾಗಿಲು ಅದೊಂದೇ. ಇಲ್ಲಿ ಸಂದರ್ಶನದ ಕೊನೆಗೆ "ತಂಡಕ್ಕೆ ಹೊಂದುವುದಿಲ್ಲ" ಎಂದು ಬರೆದಾಗ ಅದರಲ್ಲಿ ಎಷ್ಟು ಪಾಲು ತರ್ಕ, ಎಷ್ಟು ಪಾಲು ಪರಿಚಿತ ಮುಖದ ಮೋಹ ಎಂದು ನಾನೂ ಗಟ್ಟಿಯಾಗಿ ಕೇಳಿಲ್ಲ.

ಆದ್ದರಿಂದ, ಸಂದರ್ಶನದ ಆಹ್ವಾನದಲ್ಲೇ "ಲೆಕ್ಕ ಬೇಕೆಂದೇ ಅಪೂರ್ಣವಾಗಿದೆ, ನಮ್ಮನ್ನು ಕೇಳಿ" ಎಂಬ ಸಾಲು ಸೇರಿಸೋಣವೆಂದು ನಾನು ಸೂಚಿಸಿದೆ. ಹಾಗಾದರೆ ಅದಕ್ಕೂ ತಯಾರಾಗಿ ಬರುತ್ತಾರೆ ಎಂದು ಸಹೋದ್ಯೋಗಿ ಗೊಣಗಿದರೂ ಒಪ್ಪಿದರು. ಬಂದರು ಕೂಡ: ಕೋಚಿಂಗ್‌ನವರು ಪ್ರಶ್ನೆ ಕೇಳುವುದನ್ನೂ ಮೊದಲ ಹೆಜ್ಜೆಯೆಂದು ಕಲಿಸತೊಡಗಿದ್ದಾರೆ. ರೈಲು ನಿಲ್ದಾಣಗಳ ಹೆಸರುಗಳನ್ನು ಅಕಾರಾದಿಯಾಗಿ ಗುಂಪು ಮಾಡುವ ಲೆಕ್ಕ ಕೊಟ್ಟಾಗ ಒಬ್ಬ ಅಭ್ಯರ್ಥಿ ಬಹಳ ಗಂಭೀರವಾಗಿ, ಇದರಲ್ಲಿ ಋಣಸಂಖ್ಯೆಗಳು ಬರಬಹುದೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಅವರು ಅದನ್ನು ಬರೆದುಕೊಂಡು ಎರಡನೆಯ ಪ್ರಶ್ನೆಗೆ ಹೋದರು.