ಬಿಪಿ ಇದೆಯಾ ಅಂತ ಒಂದು ಮಾತು ಕೇಳೋಕೆ ಏನು ಕಷ್ಟ?

ಮುಂಬೈನ ಮೆಡಿಕಲ್ ಕೌಂಟರಿನಲ್ಲಿ ನಿಂತು ಮಂಡಿನೋವು ಅನ್ನಿ ಸಾಕು. ಡೈಕ್ಲೊಫಿನಾಕೋ ಅಸೆಕ್ಲೊಫಿನಾಕೋ ನಾಲ್ಕು ಮಾತ್ರೆ ಕತ್ತರಿಸಿ, "ಜೇವಣಾನಂತರ್ ಘ್ಯಾ" (ಊಟ ಆದ್ಮೇಲೆ ತಗೊಳ್ಳಿ) ಅಂತ ಕೈಗಿಟ್ಟು ಮುಂದಿನ ಗಿರಾಕಿ ಕಡೆ ತಿರುಗ್ತಾರೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಶೆಡ್ಯೂಲ್ ಎಚ್ ಔಷಧಿ ಸ್ವಾಮಿ ಅದು! ಹೆಸರು, ಎಕ್ಸ್‌ಪೈರಿ ಇರೋ ತುದಿ ಅಂಗಡಿಯಲ್ಲೇ ಉಳಿಯುತ್ತೆ. ಆಮೇಲೆ ಡಾಕ್ಟರು ಏನು ತಗೊಂಡ್ರಿ ಅಂದ್ರೆ "ಯಾವುದೋ ಹಳದಿ ಮಾತ್ರೆ" ಅನ್ನಬೇಕು.

ದಾದರ್ ಸೇತುವೆ ಹತ್ತಿಳಿದು ಮಂಡಿ ಹಿಡ್ಕೊಳ್ಳೋ ವಯಸ್ಸಿನವರೇ ಬಿಪಿ ಮಾತ್ರೆ ನುಂಗೋರೂ ಹೌದು. ಟೆಲ್ಮಿಸಾರ್ಟಾನ್ 40, ಅದರ ಜೊತೆಗೇ ಸೇರಿಸಿದ, ಮೂತ್ರ ಹೆಚ್ಚಿಸೋ ಹೈಡ್ರೋಕ್ಲೋರೋಥಯಾಜೈಡ್ 12.5. ಇದರ ಮೇಲೆ ಡೈಕ್ಲೊಫಿನಾಕ್ ಬಿದ್ರೆ ಕಿಡ್ನಿಗೆ ಮೂರು ಕಡೆಯಿಂದ ಏಟು. ಸೋಸುವ ಜಾಗಕ್ಕೆ ರಕ್ತ ತರೋ ನಾಳವನ್ನ ನೋವಿನ ಮಾತ್ರೆ ಕುಗ್ಗಿಸುತ್ತೆ, ಹೊರಗೆ ಒಯ್ಯೋ ನಾಳವನ್ನ ಟೆಲ್ಮಿಸಾರ್ಟಾನ್ ಸಡಿಲಿಸುತ್ತೆ, ಮೈಯ ನೀರನ್ನ ಮೂತ್ರದ ಮಾತ್ರೆ ಇಳಿಸುತ್ತೆ. ಸೋಸೋಕೆ ಬೇಕಾದ ಒತ್ತಡವೇ ಇಲ್ಲ. ವಯಸ್ಸಾದವರಿಗೆ ವಾಂತಿಭೇದಿಯೂ ಶುರುವಾದ್ರೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ರಕ್ತದಲ್ಲಿ ಕೆಲವೇ ದಿನದಲ್ಲಿ ಏರಿಬಿಡಬಹುದು.

ಕಿಡ್ನಿ ತಡ್ಕೊಂಡ್ರೂ ಬಿಪಿ ಹತೋಟಿಗೆ ಬರೋದಿಲ್ಲ. ನೋವಿನ ಮಾತ್ರೆ ಉಪ್ಪು, ನೀರು ಎರಡನ್ನೂ ಮೈಯಲ್ಲಿ ಹಿಡಿದಿಡುತ್ತೆ. ಆಗ ನಮ್ಮ ಡಾಕ್ಟರು ಏನ್ ಮಾಡ್ತಾರೆ? ಟೆಲ್ಮಿಸಾರ್ಟಾನನ್ನ 80 ಮಾಡ್ತಾರೆ, ಇಲ್ಲಾ ಆಮ್ಲೋಡಿಪಿನ್ ಸೇರಿಸ್ತಾರೆ. ಅದರಿಂದ ಪಾದ ಊದಿದ್ರೆ ಅದಕ್ಕೂ ಇನ್ನೊಂದು ಮಾತ್ರೆ! ನೋವಿಗೆ ಏನು ತಗೋತೀರಿ ಅನ್ನೋ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲ್ಲ.

ನೆಗಡಿ ಮಾತ್ರೆಗಳದ್ದೂ ಇದೇ ಹಾಡು. ಹಿಂದೆ ತಿರುಗಿಸಿ ಓದಿ, ಫಿನೈಲೆಫ್ರಿನ್ ಅಂತಿದ್ರೆ ಅದು ಮೂಗಿನ ರಕ್ತನಾಳವನ್ನಷ್ಟೇ ಬಿಗಿಯೋದಿಲ್ಲ, ಬಿಪಿಯನ್ನೂ ಏರಿಸಬಹುದು. ಬಿಪಿಗೆ ಒಳ್ಳೇದು ಅಂತ ಮಾರೋ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ಕಿಡ್ನಿ ಸೋತವರು, ಟೆಲ್ಮಿಸಾರ್ಟಾನ್ ಜೊತೆ ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಸಿಯಂ ಮೈಯಲ್ಲೇ ಉಳಿಸೋ ಮೂತ್ರದ ಮಾತ್ರೆ) ನುಂಗೋರು ಅದನ್ನ ತಿಂದ್ರೆ ರಕ್ತದ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಕೆಮ್ಮಿಗೆ ದಿನಾ ಜ್ಯೇಷ್ಠಮಧು ಕಷಾಯ ಕುಡಿಯೋರಿಗೆ ಉಲ್ಟಾ: ಪೊಟ್ಯಾಸಿಯಂ ಇಳಿಯುತ್ತೆ, ಬಿಪಿ ಏರುತ್ತೆ.

ನೋವಿಗೆ ಮೊದಲು ಹಚ್ಚೋ ಜೆಲ್ ನೋಡಿ, ಅದು ರಕ್ತಕ್ಕೆ ಸೇರೋದು ಸ್ವಲ್ಪವೇ. ಲಿವರ್ ತೊಂದರೆ ಇಲ್ಲದಿದ್ರೆ ಪ್ಯಾರಾಸಿಟಮಾಲ್ 500 ಕೇಳಿ, ಅದನ್ನೂ ತಿಂಗಳುಗಟ್ಟಲೆ ನುಂಗಬೇಡಿ. ವಾಂತಿಭೇದಿ ಆದ ದಿನ ಬಿಪಿ ಮಾತ್ರೆ ತಗೋಬೇಕೋ ಬಿಡಬೇಕೋ ಅಂತ ಡಾಕ್ಟರಿಗೆ ಫೋನ್ ಮಾಡಿ. ನೀವಾಗೇ ನಿಲ್ಲಿಸಬೇಡಿ, ಅದರಲ್ಲೂ ಹೃದಯದ ಬಡಿತ ನಿಧಾನಿಸೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರದವನ್ನ.